ಒಂದೇ ರಾಜಹಂಸವನ್ನು ಅರ್ಧ ಗಂಟೆ ನೋಡಿದ ಬೆಳಗು

ದಾವಣಗೆರೆಯವನಾದ ನಾನು ಹಕ್ಕಿ ನೋಡಲು ಕಲಿತದ್ದು ಕೊಂಡಜ್ಜಿ ಕೆರೆಯ ಏರಿಯ ಮೇಲೆ ಸುಮ್ಮನೆ ಕುಳಿತು. ಆದರೆ ರಾಜಹಂಸಗಳನ್ನು (ಫ್ಲೆಮಿಂಗೊ) ನೋಡಲೆಂದು ಪುಣೆ ಜಿಲ್ಲೆಯ ಭಿಗವಣದ ಬಳಿಯ ಉಜನಿ ಅಣೆಕಟ್ಟೆಯ ಹಿನ್ನೀರಿಗೆ ಹೋದ ಮೊದಲ ದಿನವೇ ಆ ಅಭ್ಯಾಸವನ್ನು ಮರೆತು, ಇನ್ನಷ್ಟು ಹತ್ತಿರ ಹೋಗೋಣವೆಂದು ದೋಣಿಯವರನ್ನು ಒತ್ತಾಯಿಸಿದೆ. ಹಕ್ಕಿಗಳು ಮೇಯುವುದನ್ನು ಬಿಟ್ಟು ಕತ್ತು ನಿಮಿರಿಸಿ, ಗುಂಪಾಗಿ ನಡೆಯತೊಡಗಿ, ಕೊನೆಗೆ ನೀರಿನ ಮೇಲೆ ಓಡಿ ಹಾರಿಹೋದವು. ಬಿಚ್ಚಿದ ರೆಕ್ಕೆಗಳ ಕೆಂಪು ಮತ್ತು ಕಪ್ಪು ಕಣ್ತುಂಬಿದರೂ ಅವುಗಳ ಮೇವು ಕೆಡಿಸಿದೆನೆಂಬ ನೋವು ನನಗೆ ಈಗಲೂ ಇದೆ.

ಮರುದಿನ ದೋಣಿ ಹತ್ತದೆ, ಸೂರ್ಯನಿಗೆ ಬೆನ್ನು ಮಾಡಿ ದಡದಲ್ಲಿ ಕುಳಿತು, ದೂರದರ್ಶಕವನ್ನು ಮುಕ್ಕಾಲಿಯ ಮೇಲಿಟ್ಟು ಒಂದೇ ಹಕ್ಕಿಯನ್ನು ಆರಿಸಿಕೊಂಡೆ. ಅದು ತಲೆಯನ್ನು ಬುಡಮೇಲು ಮಾಡಿ ಕೊಕ್ಕನ್ನು ನೀರಿಗಿಳಿಸಿ, ನಮ್ಮ ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿಗೆ ಮುನ್ನ ಕೆಸರು ತುಳಿಯುವಂತೆ ಪಾದಗಳಿಂದ ತಳವನ್ನು ತುಳಿಯುತ್ತ, ಮುಳುಗಿದ ತಲೆಯ ಸುತ್ತಲೇ ನಿಧಾನವಾಗಿ ತಿರುಗುತ್ತಿತ್ತು. ಆಗ ಮೇಲೇಳುವ ಸಣ್ಣ ಜೀವಿಗಳು, ಬೀಜಗಳು ಬೆರೆತ ನೀರನ್ನು ದಪ್ಪ ನಾಲಿಗೆ ಪಂಪಿನಂತೆ ಒಳಗೆಳೆದು ಹೊರತಳ್ಳುತ್ತದೆ. ಕೊಕ್ಕಿನ ಅಂಚಿನ ಜರಡಿಯಂಥ ಎಳೆಗಳಲ್ಲಿ ಮೇವು ಉಳಿಯುತ್ತದೆ. ಗುಲಾಬಿ ಬಣ್ಣವೂ ಆ ಮೇವಿನಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತುಗಳಿಂದಲೇ ಬರುತ್ತದೆ.

ಗುಂಪಿನ ಅಂಚಿನಲ್ಲಿ ಕಂದುಬಣ್ಣದ ಎಳೆಯ ಹಕ್ಕಿಗಳೂ ಇದ್ದವು. ಅವುಗಳನ್ನು ಹತ್ತು ಹತ್ತರಂತೆ ಎಣಿಸಿ ಗುರುತು ಹಾಕಿಕೊಂಡೆ. ಭಾರತದಲ್ಲಿ ರಾಜಹಂಸಗಳು ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುವುದು ಗುಜರಾತಿನ ಉಪ್ಪುನೆಲವಾದ ಕಛ್‌ನ ರಣದಲ್ಲಿ. 1945ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರು ಹೋಗಿ ನೋಡಿದ್ದು ಆ ಗೂಡುಗಳ ನೆಲೆಯನ್ನೇ. ಮಣ್ಣಿನ ದಿಬ್ಬದಂಥ ಗೂಡಿನಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇರುತ್ತದೆ. ತಾಯಿ ತಂದೆ ಇಬ್ಬರೂ ಸುಮಾರು ಒಂದು ತಿಂಗಳು ಕಾವು ಕೊಡುತ್ತಾರೆ. ಹುಟ್ಟಿದಾಗ ಮರಿಯ ಕೊಕ್ಕು ನೇರವಾಗಿರುವುದರಿಂದ ಅದಕ್ಕೆ ನೀರು ಸೋಸಲು ಬರುವುದಿಲ್ಲ. ಆ ದಿನಗಳಲ್ಲಿ ತಂದೆತಾಯಿಗಳ ಅನ್ನನಾಳದಲ್ಲಿ ಉತ್ಪತ್ತಿಯಾಗುವ, ಹಾಲಿನಂಥ ಕೆಂಪು ದ್ರವವೇ ಅದರ ಆಹಾರ. ಇಷ್ಟು ಕಷ್ಟದಿಂದ ಬೆಳೆದ ಮರಿ ನಮ್ಮ ಆತುರಕ್ಕೆ ಮೇವು ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ನನ್ನ ಪುಸ್ತಕದಲ್ಲಿ ಆ ಬೆಳಗಿನ ಬರಹ ಹೀಗಿದೆ: ಮೂವತ್ತು ನಿಮಿಷದಲ್ಲಿ ಹಕ್ಕಿ ಎಚ್ಚರದಿಂದ ಕತ್ತೆತ್ತಿ ನಿಂತದ್ದು 11 ಬಾರಿ, ಅದರಲ್ಲಿ 8 ಬಾರಿ ದೋಣಿ ಹಾದುಹೋದಾಗ.