ಆನ್ ಆಗುತ್ತಲೇ ರೀಸ್ಟಾರ್ಟ್: ಹಳೆಯ ಕಂಪ್ಯೂಟರಿನ ಗಿರಕಿ ನಿಲ್ಲಿಸುವುದು ಹೇಗೆ?

ಪವರ್ ಬಟನ್ ಒತ್ತಿದ್ದಾಯಿತು. ಫ್ಯಾನ್ ತಿರುಗಿತು, ಲೋಗೊ ಮೂಡಿತು, ವಿಂಡೋಸ್ ಇನ್ನೇನು ಬಂತು ಅನ್ನುವಷ್ಟರಲ್ಲಿ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು. ಹಳೆಯ ಕಂಪ್ಯೂಟರ್ ಹೀಗೆ ಗಿರಕಿ ಹೊಡೆಯತೊಡಗಿದರೆ ಸುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: 'ಫಾರ್ಮ್ಯಾಟ್ ಹೊಡೆದುಬಿಡಿ.' ದಯವಿಟ್ಟು ಹೊಡೆಯಬೇಡಿ, ಈಗಲೇ ಅಂತೂ ಬೇಡ. ದೋಷ ಇರುವುದು ಎಸ್‌ಎಂಪಿಎಸ್‌ನಲ್ಲೋ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ರ‍್ಯಾಮ್‌ನಲ್ಲೋ (ತಾತ್ಕಾಲಿಕ ಸ್ಮರಣೆಯ ಪಟ್ಟಿ) ಆದರೆ ಹೊಸ ವಿಂಡೋಸ್ ಹಾಕುವ ಕೆಲಸವೂ ಅರ್ಧದಲ್ಲೇ ಕೈಕೊಡುತ್ತದೆ. ಅಷ್ಟರೊಳಗೆ ಹಳೆಯ ಫೋಟೊ, ದಾಖಲೆಗಳೆಲ್ಲ ಅಳಿಸಿಹೋಗಿರುತ್ತವೆ.

ರೀಸ್ಟಾರ್ಟ್ ಯಾವ ಹಂತದಲ್ಲಿ ಆಗುತ್ತಿದೆ ಎಂಬುದನ್ನು ಗಮನಿಸಿದರೆ ಅರ್ಧ ಪತ್ತೆ ಮುಗಿದಂತೆ. ಹಾಗಾಗಿ ಸ್ಕ್ರೂಡ್ರೈವರ್ ಹುಡುಕುವ ಮೊದಲು ಒಂದು ಹಾಳೆ, ಪೆನ್ನು ಇಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂರಿ.

ಎಲ್ಲಿ ಮುಗ್ಗರಿಸುತ್ತಿದೆ?

ಪರದೆಯ ಮೇಲೆ ಏನೂ ಮೂಡುವ ಮೊದಲೇ ಕಂಪ್ಯೂಟರ್ ಆನ್-ಆಫ್ ಆಡುತ್ತಿದ್ದರೆ ವಿಂಡೋಸನ್ನು ದೂರಿ ಫಲವಿಲ್ಲ. ಅದಿನ್ನೂ ಹಾರ್ಡ್‌ಡಿಸ್ಕಿನಿಂದ ಹೊರಗೇ ಬಂದಿಲ್ಲ. ವಿದ್ಯುತ್, ರ‍್ಯಾಮ್, ಮದರ್‌ಬೋರ್ಡ್ ಅಥವಾ ಒಳಗೇ ಸಿಕ್ಕಿಹಾಕಿಕೊಂಡ ಬಟನ್, ಇವುಗಳಲ್ಲಿ ಒಂದು ಕಾರಣ. ತಯಾರಕರ ಲೋಗೊ ಬಂದು, ವಿಂಡೋಸ್ ಚಿಹ್ನೆ ಕಾಣಿಸಿಕೊಂಡು ಆಮೇಲೆ ಬಿದ್ದರೆ ಹಾರ್ಡ್‌ಡಿಸ್ಕ್, ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್, ಡ್ರೈವರ್ (ಒಂದೊಂದು ಸಾಧನವನ್ನು ನಡೆಸುವ ತಂತ್ರಾಂಶ) ಅಥವಾ ಅರ್ಧಕ್ಕೆ ನಿಂತ ಅಪ್‌ಡೇಟ್ ಕಡೆಗೆ ನೋಡಬೇಕು. ಡೆಸ್ಕ್‌ಟಾಪ್ ತನಕ ಬಂದು ಬೀಳುವುದಾದರೆ ಬಿಸಿ ಅಥವಾ ತಾನಾಗಿ ಶುರುವಾಗುವ ಯಾವುದೋ ಪ್ರೋಗ್ರಾಂ.

ಇನ್ನೊಂದು ಸೂಕ್ಷ್ಮ. ಬೆಳಗ್ಗೆ ನಾಲ್ಕಾರು ಸಲ ರೀಸ್ಟಾರ್ಟ್ ಆಗಿ, ಒಮ್ಮೆ ಎದ್ದ ಮೇಲೆ ದಿನವಿಡೀ ಸುಮ್ಮನಿರುವ ಕಂಪ್ಯೂಟರಿನಲ್ಲಿ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹದಗೊಳಿಸುವ ಪುಟ್ಟ ಬಿಡಿಭಾಗಗಳು) ಸೋತಿರುವ ಸಾಧ್ಯತೆ ಹೆಚ್ಚು. ಅವು ಕೊಂಚ ಬಿಸಿಯಾದ ಮೇಲಷ್ಟೇ ಕೆಲಸಕ್ಕೆ ಬರುತ್ತವೆ. ತಣ್ಣಗಿದ್ದಾಗ ಚೆನ್ನಾಗಿ ಎದ್ದು, ಬಿಸಿಯಾದ ಮೇಲೆ ಬೀಳುತ್ತಿದ್ದರೆ ಪ್ರೊಸೆಸರ್ ಫ್ಯಾನ್ ಕಡೆ ನೋಡಿ. ಬಿಸಿ ಮಿತಿಮೀರಿದಾಗ ಯಂತ್ರ ರೀಸ್ಟಾರ್ಟ್ ಆಗುವುದಕ್ಕಿಂತ ಪೂರ್ತಿ ಆಫ್ ಆಗುವುದೇ ಹೆಚ್ಚು. ಹಾಗಾಗಿ ಆಫ್ ಆಯಿತೋ, ರೀಸ್ಟಾರ್ಟ್ ಆಯಿತೋ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಖರ್ಚಿಲ್ಲದ ಒಂದು ಪರೀಕ್ಷೆ. ಪ್ರಿಂಟರ್, ಪೆನ್‌ಡ್ರೈವ್, ವೆಬ್‌ಕ್ಯಾಮ್ ಎಲ್ಲ ಕಳಚಿ ಕೀಬೋರ್ಡ್ ಮತ್ತು ಮಾನಿಟರ್ ಮಾತ್ರ ಉಳಿಸಿ. ಯುಪಿಎಸ್ ಇದ್ದರೆ ಅದನ್ನೂ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ. ಬ್ಯಾಟರಿ ಸತ್ತ ಯುಪಿಎಸ್ ತಾನೇ ಕಂಪ್ಯೂಟರನ್ನು ಬೀಳಿಸುವುದುಂಟು. ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತ ಬಯಾಸ್ ಒಳಗೆ ಹೋಗಿ (ಕೆಲವು ಮಾದರಿಗಳಲ್ಲಿ ಎಫ್1 ಅಥವಾ ಎಫ್10). ಅಲ್ಲೇ ಇಪ್ಪತ್ತು ನಿಮಿಷ ಬಿಡಿ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ನಿರ್ದೋಷಿ, ದೋಷ ಹಾರ್ಡ್‌ವೇರ್‌ನದು. ಆಗಲಿಲ್ಲವೆಂದರೆ ಹಾರ್ಡ್‌ವೇರ್ ಪೂರ್ತಿ ಪಾಸಾಯಿತು ಅಂತಲೂ ಅಲ್ಲ. ಬಯಾಸ್‌ನಲ್ಲಿ ಯಂತ್ರದ ಮೇಲೆ ಹೊರೆ ಕಡಿಮೆ, ಸೊರಗಿದ ಎಸ್‌ಎಂಪಿಎಸ್ ಕೂಡ ಅಷ್ಟನ್ನು ತೂಗಿಸಿಬಿಡುತ್ತದೆ.

ಮುಚ್ಚಿಟ್ಟ ಬ್ಲೂ ಸ್ಕ್ರೀನನ್ನು ಹೊರಗೆಳೆಯಿರಿ

ಎಕ್ಸ್‌ಪಿ ಕಾಲದಿಂದಲೂ ವಿಂಡೋಸ್‌ಗೆ ಒಂದು ಅಭ್ಯಾಸ. ಒಳಗೆ ಗಂಭೀರ ದೋಷ ಕಂಡರೆ ನೀಲಿ ಪರದೆಯಲ್ಲಿ ಕಾರಣ ಬರೆದು, ನಾವು ಓದುವ ಮೊದಲೇ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ. ಕಂಪ್ಯೂಟರ್ ತನ್ನ ಕಾಯಿಲೆ ಹೇಳುತ್ತಲೇ ಇರುತ್ತದೆ, ನಮಗೆ ಕೇಳಿಸುವುದಿಲ್ಲ ಅಷ್ಟೆ. ಈ ಅಭ್ಯಾಸವನ್ನು ತಪ್ಪಿಸಬಹುದು.

ವಿಂಡೋಸ್ 7, ವಿಸ್ತಾ ಅಥವಾ ಸರ್ವಿಸ್ ಪ್ಯಾಕ್ 2 ಹಾಕಿದ ಎಕ್ಸ್‌ಪಿ ಆದರೆ, ವಿಂಡೋಸ್ ಚಿಹ್ನೆ ಬರುವ ಮುನ್ನ ಎಫ್8 ಕೀಲಿಯನ್ನು ಮತ್ತೆ ಮತ್ತೆ ಒತ್ತಿ. ಬರುವ ಪಟ್ಟಿಯಲ್ಲಿ 'ಡಿಸೇಬಲ್ ಆಟೋಮ್ಯಾಟಿಕ್ ರೀಸ್ಟಾರ್ಟ್ ಆನ್ ಸಿಸ್ಟಮ್ ಫೇಲ್ಯೂರ್' ಎಂಬುದನ್ನು ಆರಿಸಿ. ವಿಂಡೋಸ್ 8 ಮತ್ತು 10ರಲ್ಲಿ ಎಫ್8 ಸಾಮಾನ್ಯವಾಗಿ ಕೆಲಸ ಮಾಡದು. ಬೂಟ್ ಸತತ ಎರಡು ಮೂರು ಸಲ ಕೈಕೊಟ್ಟರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಬರದಿದ್ದರೆ, ಚಿಹ್ನೆ ಕಂಡಾಗ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ ಅದನ್ನು ಬರಿಸಬಹುದು. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಮುಂದುವರಿದು ರೀಸ್ಟಾರ್ಟ್ ಕೊಟ್ಟು, ಪಟ್ಟಿ ಬಂದಾಗ 9 ಒತ್ತಿ.

ಈಗ ನೀಲಿ ಪರದೆ ಅಲ್ಲೇ ನಿಲ್ಲುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಹಳೆಯ ವಿಂಡೋಸ್‌ಗಳಲ್ಲಿ ಸಾಲುಸಾಲು ಸೊನ್ನೆಗಳ ಕೊನೆಗಿರುವ ಅಂಕೆ-ಅಕ್ಷರವೇ ಮುಖ್ಯ. 7ಬಿ ಅಂದರೆ ವಿಂಡೋಸ್‌ಗೆ ತಾನಿರುವ ಡಿಸ್ಕೇ ಕೈಗೆ ಸಿಗುತ್ತಿಲ್ಲ. 24 ಅಥವಾ ಇಡಿ ಅಂದರೆ ಡಿಸ್ಕ್ ಸಿಕ್ಕಿದೆ, ಅದರ ಫೈಲ್ ವ್ಯವಸ್ಥೆ ಕೆಟ್ಟಿದೆ. 1ಎ ಅಥವಾ 50 ಬಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ, ಎರಡನೆಯದು ಡ್ರೈವರ್ ಮೇಲೆ. ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ ಬರುತ್ತಿದ್ದರೆ ಅದೂ ಒಂದು ಸುಳಿವೇ, ರ‍್ಯಾಮ್ ಅಥವಾ ವಿದ್ಯುತ್ ಪೂರೈಕೆ ಅಸ್ಥಿರವಾದಾಗ ಹೀಗಾಗುತ್ತದೆ.

ಇಷ್ಟು ಮಾಡಿದ ಮೇಲೂ ನೀಲಿ ಪರದೆ ಕಾಣದೆ ಸೀದಾ ರೀಸ್ಟಾರ್ಟ್ ಆಯಿತೇ? ಹಾಗಿದ್ದರೆ ವಿಂಡೋಸ್‌ಗೆ ದೋಷ ಬರೆಯುವಷ್ಟು ಸಮಯವೂ ಸಿಗುತ್ತಿಲ್ಲ, ಕೆಳಗಿನಿಂದ ಯಾರೋ ಕರೆಂಟ್ ಎಳೆಯುತ್ತಿದ್ದಾರೆ ಎಂದೇ ಅರ್ಥ ಮಾಡಿಕೊಂಡು ಕ್ಯಾಬಿನೆಟ್ ತೆರೆಯಿರಿ.

ಬಿಲ್ಲೆಯಷ್ಟು ಬ್ಯಾಟರಿಯ ಕಿತಾಪತಿ

ಆದರೆ 7ಬಿ ಬಂದವರು ಸ್ವಲ್ಪ ನಿಲ್ಲಿ. ಹಳೆಯ ಕಂಪ್ಯೂಟರುಗಳಲ್ಲಿ ಇದರ ಹಿಂದೆ ಒಂದು ಸ್ವಾರಸ್ಯದ ಕಾರಣವಿರುತ್ತದೆ, ಗೊತ್ತಿಲ್ಲದವರು ಹಾರ್ಡ್‌ಡಿಸ್ಕನ್ನೇ ಎಸೆದುಬಿಡುತ್ತಾರೆ.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿಯೊಂದು ಇರುತ್ತದೆ, ಹೆಚ್ಚಾಗಿ ಸಿಆರ್2032 ಮಾದರಿ, 3 ವೋಲ್ಟಿನದು. ಪ್ಲಗ್ ತೆಗೆದಿದ್ದಾಗಲೂ ಗಡಿಯಾರ ನಡೆಯುವುದು, ಹಳೆಯ ಬೋರ್ಡುಗಳಲ್ಲಿ ಬಯಾಸ್ ಸೆಟ್ಟಿಂಗ್ ಉಳಿಯುವುದು ಇದರಿಂದ. ವರ್ಷಗಳಾದ ಮೇಲೆ ಅದು ಬರಿದಾದರೆ ದಿನಾಂಕ ಹಿಂದಕ್ಕೆ ಓಡುತ್ತದೆ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ್ದು ಏನೆಂದರೆ, ಸಾಟಾ ಮೋಡ್ ಎಂಬ, ಹಾರ್ಡ್‌ಡಿಸ್ಕಿನ ಜೊತೆ ಮಾತಾಡುವ ರೀತಿ ಹೇಳುವ ಸೆಟ್ಟಿಂಗ್ ಕೂಡ ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಮರಳುತ್ತದೆ. ವಿಂಡೋಸ್ ಹಾಕಿದಾಗ ಅದು ಎಎಚ್‌ಸಿಐ ಎಂದಿದ್ದು ಈಗ ಐಡಿಇ ಎಂದಾಗಿದ್ದರೆ, ಅಥವಾ ಅದಲುಬದಲಾಗಿದ್ದರೆ, ಬೀಗ ಬದಲಾದ ಮನೆಯ ಮುಂದೆ ಹಳೆಯ ಕೀಲಿಕೈ ಹಿಡಿದು ನಿಂತವರ ಪಾಡು ವಿಂಡೋಸಿನದು. ಒಳಗೆ ಎಲ್ಲವೂ ಸರಿಯಾಗಿದೆ, ಬಾಗಿಲು ಮಾತ್ರ ತೆರೆಯದು.

ಬಯಾಸ್‌ಗೆ ಹೋಗಿ ಮೊದಲು ದಿನಾಂಕ ನೋಡಿ. ತಪ್ಪಿದ್ದರೆ ಅನುಮಾನ ಗಟ್ಟಿಯಾಯಿತು. ಸಾಟಾ ಮೋಡ್ ಈಗ ಏನಿದೆಯೋ ಬರೆದಿಟ್ಟುಕೊಂಡು ಇನ್ನೊಂದಕ್ಕೆ ಬದಲಿಸಿ, ಸೇವ್ ಮಾಡಿ ಹೊರಬನ್ನಿ. ವಿಂಡೋಸ್ ಎದ್ದರೆ ಗೆದ್ದಿರಿ, ಆ ಬ್ಯಾಟರಿಯನ್ನು ಬದಲಾಯಿಸಿ. ಏಳದಿದ್ದರೆ ಮೊದಲಿನ ಸ್ಥಿತಿಗೇ ತಂದಿಡಿ. ರೈಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವಿಧಾನ) ಎಂಬ ಆಯ್ಕೆಯಲ್ಲಿದ್ದ ಯಂತ್ರದಲ್ಲಿ ಮಾತ್ರ ಈ ಪ್ರಯೋಗ ಬೇಡ.

ಕ್ಯಾಬಿನೆಟ್ ಒಳಗೆ

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿಹಿಡಿದರೆ ಬೋರ್ಡಿನಲ್ಲಿ ಉಳಿದ ಅಲ್ಪಸ್ವಲ್ಪ ವಿದ್ಯುತ್ತೂ ಹರಿದುಹೋಗುತ್ತದೆ. ಮೈಯಲ್ಲಿನ ಸ್ಥಾಯಿ ವಿದ್ಯುತ್ತು ಇಳಿಯಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಧೂಳು ತೆಗೆಯಲು ಮೆತ್ತನೆಯ ಬ್ರಷ್ ಸಾಕು. ಗಾಳಿ ಹಾಯಿಸುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಗಿರ್ರನೆ ತಿರುಗಿ ಹಾಳಾಗಬಾರದು.

ಮೊದಲ ಸರದಿ ರ‍್ಯಾಮಿನದು. ಎರಡೂ ತುದಿಯ ಕ್ಲಿಪ್ ಸರಿಸಿ ಹೊರತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಟಕ್ಕೆಂದು ಕೂರುವ ಹಾಗೆ ಒತ್ತಿ. ನಂಬಲು ಕಷ್ಟ, ಆದರೆ ಹಳೆಯ ಯಂತ್ರಗಳು ಇಷ್ಟಕ್ಕೇ ಸರಿಹೋಗುವುದು ಅಪರೂಪವೇನಲ್ಲ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನೇ. ಅನುಮಾನ ಉಳಿದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ 'ಪರವಾಗಿಲ್ಲ' ಅನ್ನುವಂತಿಲ್ಲ.

ರೀಸೆಟ್ ಬಟನ್ ಮೇಲೂ ಒಂದು ಕಣ್ಣಿರಲಿ. ಒಳಗೆ ಸಿಕ್ಕಿಕೊಂಡ ಬಟನ್ ಯಾರೋ ಒತ್ತುತ್ತಲೇ ಇದ್ದಂತೆ ಕಂಪ್ಯೂಟರನ್ನು ಬೀಳಿಸುತ್ತದೆ. ಕ್ಯಾಬಿನೆಟ್ ಮುಂಭಾಗದಿಂದ ಬೋರ್ಡಿಗೆ ಬರುವ ಸಣ್ಣ ವೈರುಗಳಲ್ಲಿ ರೀಸೆಟ್ ಎಂದು ಬರೆದಿರುವುದನ್ನು ಕಳಚಿ ಆನ್ ಮಾಡಿ. ಅದಿಲ್ಲದೆಯೂ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತದೆ.

ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಅಲುಗಾಡುತ್ತಿದೆಯೇ? ಇಂಟೆಲ್‌ನ 775 ಸಾಕೆಟ್ ಕಾಲದ ಕೂಲರ್‌ಗಳು ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ಮೇಲೆ ನಿಂತಿರುತ್ತವೆ, ಒಂದು ಸಡಿಲವಾದರೂ ಇಡೀ ಕೂಲರ್ ಓರೆಯಾಗುತ್ತದೆ. ಬಯಾಸ್‌ನಲ್ಲಿ ಹಾರ್ಡ್‌ವೇರ್ ಮಾನಿಟರ್ ಪುಟವಿದ್ದರೆ ಉಷ್ಣಾಂಶ ನೋಡಿ. ಕೂತಲ್ಲೇ 80 ಡಿಗ್ರಿ ದಾಟುತ್ತಿದ್ದರೆ ಹೀಟ್‌ಸಿಂಕ್ ಬಿಚ್ಚಿ, ಒಣಗಿ ಹಕ್ಕಳೆಯಾದ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು.

ಇನ್ನು ಕೆಪಾಸಿಟರ್‌ಗಳು, ಅಂದರೆ ಪ್ರೊಸೆಸರ್ ಸುತ್ತ ಸಾಲಾಗಿ ನಿಂತ ಪುಟ್ಟ ಡಬ್ಬಿಗಳು. ತಲೆ ಚಪ್ಪಟೆಯಾಗಿದ್ದರೆ ಸದ್ಯಕ್ಕೆ ಸರಿ. ಉಬ್ಬಿದ್ದರೆ ಅಥವಾ ಕಂದು ರಸ ಒಸರಿ ಗಟ್ಟಿಯಾಗಿದ್ದರೆ ಅಪರಾಧಿ ಸಿಕ್ಕಂತೆ. ಸುಮಾರು 1999ರಿಂದ 2007ರವರೆಗೆ ಬಂದ ಬೋರ್ಡುಗಳಲ್ಲಿ ಇದು ಪಿಡುಗಿನಂತೆ ಹಬ್ಬಿತ್ತು, ಒಳಗಿನ ದ್ರಾವಣದ ಗುಣಮಟ್ಟವೇ ಕೆಟ್ಟದಾಗಿತ್ತು. ಬೆಸುಗೆ ಕೆಲಸ ಬಲ್ಲವರು ಹೊಸದನ್ನು ಕೂರಿಸಬಲ್ಲರು, ಬೋರ್ಡ್ ಅಷ್ಟು ಬೆಲೆ ಬಾಳುತ್ತದೆಯೇ ಎಂಬುದು ನಿಮ್ಮ ಲೆಕ್ಕ.

ಎಸ್‌ಎಂಪಿಎಸ್ ತನ್ನ ವೋಲ್ಟೇಜ್‌ಗಳು ಸರಿಯಾಗಿವೆ ಎಂದು ಮದರ್‌ಬೋರ್ಡಿಗೆ 'ಪವರ್ ಗುಡ್' ಎಂಬ ಸಂಕೇತ ಕಳಿಸುತ್ತಿರುತ್ತದೆ. ಕ್ಷಣಕಾಲ ಅದು ತಪ್ಪಿದರೂ ಬೋರ್ಡ್ ರೀಸೆಟ್ ಆಗುತ್ತದೆ. ಹಾರ್ಡ್‌ಡಿಸ್ಕ್ ತಿರುಗಲು ಶುರುಮಾಡುವಾಗ ಅಥವಾ ಗ್ರಾಫಿಕ್ಸ್ ಕಾರ್ಡ್ ಎಚ್ಚರಗೊಳ್ಳುವಾಗ ಹೊರೆ ಏರಿ ಸೋತ ಎಸ್‌ಎಂಪಿಎಸ್ ಕುಸಿಯುವುದು ಹೀಗೆ. ಮಲ್ಟಿಮೀಟರ್ ಇದ್ದರೆ ಕಂಪ್ಯೂಟರ್ ನಡೆಯುತ್ತಿರುವಾಗಲೇ ನೋಡಿ: ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ಇರಬೇಕು. ಮೀಟರಿನ ಕಣ್ಣಿಗೆ ಕ್ಷಣಿಕ ಕುಸಿತ ಬೀಳದೆಯೂ ಇರಬಹುದು, ಹಾಗಾಗಿ ಚೆನ್ನಾಗಿರುವ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದೇ ಖಚಿತ ದಾರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರಬಹುದು.

ಡಿಸ್ಕ್, ಕೊನೆಗೆ ವಿಂಡೋಸ್

ಉಬುಂಟುವಿನಂಥ ಯಾವುದಾದರೂ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ ನೋಡಿ. ಯಂತ್ರ ತೀರಾ ಹಳೆಯದಾದರೆ 32 ಬಿಟ್‌ನ ಹಗುರ ಆವೃತ್ತಿ ಬೇಕಾದೀತು. ಗಂಟೆಗಟ್ಟಲೆ ಸಲೀಸಾಗಿ ನಡೆದರೆ ದೋಷ ಡಿಸ್ಕ್ ಅಥವಾ ವಿಂಡೋಸಿನಲ್ಲಿದೆ. ಅದೇ ಹೊತ್ತಿನಲ್ಲಿ ಮುಖ್ಯ ಫೈಲುಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿಕೊಳ್ಳಿ. ಈ ಕೆಲಸ ಮೊದಲು, ಡಿಸ್ಕ್ ರಿಪೇರಿ ಆಮೇಲೆ. ಚೆಕ್‌ಡಿಸ್ಕ್ ಆದೇಶವು ಕೆಟ್ಟ ಜಾಗಗಳನ್ನು ಹುಡುಕುತ್ತ ಡಿಸ್ಕನ್ನು ಉದ್ದಕ್ಕೂ ಓದಿಸುತ್ತದೆ, ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಓಟವಾಗಬಹುದು. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಚೆಕ್‌ಡಿಸ್ಕ್ ಯೋಚನೆಯನ್ನೇ ಬಿಡಿ.

ನಕಲು ಮುಗಿದ ಮೇಲೆ ಎಫ್8 ಪಟ್ಟಿಯಿಂದಲೋ ರಿಪೇರಿ ಪರದೆಯಿಂದಲೋ ಸೇಫ್ ಮೋಡ್‌ಗೆ (ಅತಿ ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ವಿಂಡೋಸ್) ಹೋಗಿ. ಅಲ್ಲಿ ಎದ್ದರೆ ಇತ್ತೀಚೆಗೆ ಹಾಕಿದ ಡ್ರೈವರ್, ಆ್ಯಂಟಿವೈರಸ್, ಅಪ್‌ಡೇಟ್ ತೆಗೆದುಹಾಕಿ, ಅಥವಾ ಸಿಸ್ಟಮ್ ರೀಸ್ಟೋರ್ ಮೂಲಕ ಹಿಂದಿನ ದಿನಾಂಕಕ್ಕೆ ಮರಳಿ. ಸೇಫ್ ಮೋಡ್ ಕೂಡ ಫೈಲುಗಳ ಪಟ್ಟಿ ತೋರಿಸುತ್ತ ನಡುವೆಯೇ ಬಿದ್ದರೆ ಕೊನೆಗೆ ಕಂಡ ಫೈಲನ್ನೇ ಹಿಡಿದುಕೊಂಡು ಹೋಗಬೇಡಿ. ಕೈಕೊಟ್ಟದ್ದು ಅದರ ಮುಂದಿನದೂ ಇರಬಹುದು. ರಿಪೇರಿ ಪರದೆಯಿಂದ ಚೆಕ್‌ಡಿಸ್ಕ್ ಓಡಿಸುವವರು ಇನ್ನೊಂದನ್ನು ಗಮನಿಸಬೇಕು: ಅಲ್ಲಿ ಸಿ ಡ್ರೈವಿಗೆ ಡಿ ಎಂಬ ಹೆಸರು ಬಂದಿರಬಹುದು.

ಇಷ್ಟಾದ ಮೇಲೂ ಏಳದಿದ್ದರೆ, ರ‍್ಯಾಮ್, ಎಸ್‌ಎಂಪಿಎಸ್, ಡಿಸ್ಕ್ ಮೂರೂ ಪಾಸಾಗಿದ್ದರೆ, ಆಗ ಫಾರ್ಮ್ಯಾಟ್ ಹೊಡೆಯಿರಿ. ಹಳೆಯ ಸಿಡಿ ಹುಡುಕಿ ಎಕ್ಸ್‌ಪಿ ಅಥವಾ 7 ಹಾಕುವುದಾದರೆ ಇಂಟರ್ನೆಟ್ಟಿನಿಂದ ದೂರವಿಡಿ. ಎಕ್ಸ್‌ಪಿಗೆ ಏಪ್ರಿಲ್ 2014ರಲ್ಲಿ, 7ಕ್ಕೆ ಜನವರಿ 2020ರಲ್ಲಿ ಸಾಮಾನ್ಯ ಬೆಂಬಲ (ಸುರಕ್ಷತಾ ಅಪ್‌ಡೇಟ್) ಪೂರ್ತಿ ನಿಂತಿದೆ. ಹೊಸ ವಿಂಡೋಸ್ ಹೊರಲಾರದ ಯಂತ್ರಕ್ಕೆ ಹಗುರ ಲಿನಕ್ಸೇ ವಾಸಿ.

ಲ್ಯಾಪ್‌ಟಾಪ್ ಆದರೆ ಕಳಚಬಹುದಾದ ಬ್ಯಾಟರಿ ತೆಗೆದು ಚಾರ್ಜರಿನಲ್ಲಷ್ಟೇ ಓಡಿಸಿ ನೋಡಿ, ಉಳಿದ ಕ್ರಮವೆಲ್ಲ ಇದೇ. ರಿಪೇರಿಯವರ ಬಳಿ ಒಯ್ಯಬೇಕಾಗಿ ಬಂದರೆ ಆ ಹಾಳೆಯನ್ನೂ ನೀಲಿ ಪರದೆಯ ಫೋಟೊವನ್ನೂ ಜೊತೆಗೆ ಕೊಡಿ. ಯಾವ ಹಂತದಲ್ಲಿ ಬೀಳುತ್ತದೆ, ಬಯಾಸ್‌ನಲ್ಲಿ ನಿಂತಿತೇ, ಯಾವ ರ‍್ಯಾಮ್ ತೆಗೆದಾಗ ಏನಾಯಿತು ಎಂಬುದೆಲ್ಲ ಗೊತ್ತಿದ್ದರೆ ಅವರೂ ಸೀದಾ ಫಾರ್ಮ್ಯಾಟ್‌ಗೆ ಕೈ ಹಾಕುವುದಿಲ್ಲ.