ಹಳೆಯ ಸ್ಲ್ಯಾಬಿನ ದರ್ಜೆಯನ್ನು ಒರೆಗೆ ಹಚ್ಚುವುದು ಹೇಗೆ?

ನನ್ನ ಮೇಜಿನ ಮೇಲೆ 1881ರ ಒಂದು ಮಾರ್ಗನ್ ಡಾಲರ್ ಇದೆ. ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯದು; 26.73 ಗ್ರಾಂ ತೂಕ, ಶೇ 90ರಷ್ಟು ಬೆಳ್ಳಿ. ಅದು ಕೂತಿರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು, ಅಂದರೆ ‘ಸ್ಲ್ಯಾಬ್’ ಅನ್ನು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗಿನ ನಾಣ್ಯ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಅದಕ್ಕೇ ಅಮೆರಿಕದ ಸಂಗ್ರಾಹಕರು ಇದನ್ನು ‘ರ‍್ಯಾಟ್ಲರ್’ ಎಂದು ಕರೆಯುತ್ತಾರೆ. ನಾಣ್ಯಗಳಿಗೆ ದರ್ಜೆ ಕೊಟ್ಟು ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಪಿಸಿಜಿಎಸ್ ಸಂಸ್ಥೆ 1986ರಲ್ಲಿ ಕೆಲಸ ಆರಂಭಿಸಿದಾಗ ಬಳಸಿದ ಮೊದಲ ತಲೆಮಾರಿನ ಪೆಟ್ಟಿಗೆ ಇದು. ಚೀಟಿಯ ಮೇಲೆ ‘ಎಂಎಸ್ 64’ ಎಂದಿದೆ; ಎಂಎಸ್ (ಮಿಂಟ್ ಸ್ಟೇಟ್) ಎಂದರೆ ಬಳಕೆಯಾಗದ ನಾಣ್ಯ, 64 ಅದರ ದರ್ಜೆಯ ಅಂಕ. ಮೂವತ್ತೈದಕ್ಕೂ ಹೆಚ್ಚು ವರ್ಷಗಳ ಹಿಂದೆ ಕೊಟ್ಟ ಆ ಅಂಕ ಇಂದಿನ ಅಳತೆಗೆ ನಿಲ್ಲುತ್ತದೆಯೇ? ಬ್ರಿಟಿಷ್ ಕಾಲದ ನಮ್ಮ ರೂಪಾಯಿಗಳೂ ಈಗ ಇಂಥದೇ ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬರುತ್ತಿರುವುದರಿಂದ ಈ ಪರೀಕ್ಷೆಯ ಕ್ರಮವನ್ನು ಇಲ್ಲಿನ ಸಂಗ್ರಾಹಕರೂ ತಿಳಿದಿರುವುದು ಒಳ್ಳೆಯದು.

ಮೊದಲು ಮಾಡಬೇಕಾದ ಕೆಲಸ, ಅಂಕ ಕೊಟ್ಟ ಕಾಲವನ್ನು ಗುರುತಿಸುವುದು. ಒಂದರಿಂದ ಎಪ್ಪತ್ತರವರೆಗಿನ ಈ ಮಾಪನವನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ಸೆಂಟ್‌ಗಳಿಗೆಂದು ರೂಪಿಸಿದರು. ಅದನ್ನು ಎಲ್ಲ ನಾಣ್ಯಗಳಿಗೂ ಅನ್ವಯಿಸಿದ್ದು ಆಮೇಲಿನವರು. ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಅಸೋಸಿಯೇಷನ್ನಿನ ‘ಅನಾಕ್ಸ್’ ವಿಭಾಗ 1979ರಿಂದ ದರ್ಜೆ ಕೊಡತೊಡಗಿತು. ನಾಣ್ಯದ ಫೋಟೊ ಅಂಟಿಸಿದ ಕಾಗದದ ಪ್ರಮಾಣಪತ್ರ, ಮುಂಬದಿಗೊಂದು ಅಂಕ, ಹಿಂಬದಿಗೊಂದು ಅಂಕ. 1980ರ ದಶಕದ ನಡುವೆ ಅಳತೆ ಬಿಗಿಯಾಯಿತು. ಹೀಗಾಗಿ ಆ ಮೊದಲಿನ ಪತ್ರದಲ್ಲಿ 65 ಎಂದಿರುವ ಎಷ್ಟೋ ನಾಣ್ಯಗಳು ಆಮೇಲೆ 63ಕ್ಕೆ ಇಳಿದವು. ಅಂಥ ಕಾಗದ ನಿಮ್ಮ ಕೈಗೆ ಬಂದರೆ ಅದನ್ನು ಇತಿಹಾಸದ ದಾಖಲೆಯಾಗಿ ಜೋಪಾನ ಮಾಡಿ, ಬೆಲೆಗೆ ಆಧಾರ ಮಾಡಿಕೊಳ್ಳಬೇಡಿ.

1986ರಿಂದ 1990ರ ದಶಕದವರೆಗಿನ ಕತೆ ಇದಕ್ಕೆ ತಿರುಗುಮುರುಗು. ಪಿಸಿಜಿಎಸ್, 1987ರಲ್ಲಿ ಬಂದ ಅಂಥದೇ ಸಂಸ್ಥೆ ಎನ್‌ಜಿಸಿ, ಎರಡೂ ಆಗ ಕಟ್ಟುನಿಟ್ಟಾಗಿದ್ದವು. ನಂತರದ ವರ್ಷಗಳಲ್ಲಿ ಮಾಪನ ಮೆಲ್ಲಗೆ ಸಡಿಲಗೊಂಡಿತು ಎಂಬುದು ಅನುಭವಿ ವ್ಯಾಪಾರಿಗಳು ಬಹಿರಂಗವಾಗಿಯೇ ಆಡುವ ಮಾತು. ಚಿನ್ನದ ನಾಣ್ಯಗಳಲ್ಲಿ ಇದು ಎದ್ದು ಕಾಣುತ್ತದೆ: ಉಬ್ಬಿದ ಜಾಗದಲ್ಲಿ ನವಿರಾದ ಸವೆತ ಕಂಡಿತೆಂದು ಅಂದು 58 ಪಡೆದ ನಾಣ್ಯಗಳಲ್ಲಿ ಎಷ್ಟೋ ಇಂದು ‘ಬಳಕೆಯಾಗದ್ದು’ ಎನಿಸಿಕೊಂಡು 61, 62 ಪಡೆಯುತ್ತಿವೆ. ಪಿಸಿಜಿಎಸ್ ಅಂದು ಬಳಸುತ್ತಿದ್ದ ಹಸಿರು ಚೀಟಿಯ ನಾಣ್ಯವೆಂದರೆ ಜನ ಹೆಚ್ಚು ಹಣ ಕೊಡಲು ಮುಂದಾಗುವುದು ಇದೇ ಕಾರಣಕ್ಕೆ.

ಆದರೆ ಇಲ್ಲಿ ಎಚ್ಚರ ಬೇಕು. ಹಳೆಯ ಪೆಟ್ಟಿಗೆಯಲ್ಲಿ ಕಡಿಮೆ ಅಂಕ ಪಡೆದಿದ್ದ ಒಳ್ಳೆಯ ನಾಣ್ಯಗಳನ್ನು ಚಾಣಾಕ್ಷರು ಇಷ್ಟು ವರ್ಷಗಳಲ್ಲಿ ಹುಡುಕಿ, ಪೆಟ್ಟಿಗೆ ಒಡೆದು, ಮರಳಿ ಕಳಿಸಿ ಮೇಲಿನ ಅಂಕ ಗಿಟ್ಟಿಸಿಕೊಂಡಿದ್ದಾರೆ. ಇನ್ನೂ ಹಳೆಯ ಪೆಟ್ಟಿಗೆಯಲ್ಲೇ ಉಳಿದವುಗಳಲ್ಲಿ ಒಂದು ಪಾಲು ಯಾರ ಕಣ್ಣಿಗೂ ಬೀಳದೆ ಮನೆಯ ಕಪಾಟಿನಲ್ಲಿ ಮಲಗಿದ್ದವು. ಇನ್ನೊಂದು ಪಾಲು ಹತ್ತಾರು ಕಣ್ಣುಗಳು ನೋಡಿ, ಮೇಲಕ್ಕೆ ಹೋಗದೆಂದು ಕೈಬಿಟ್ಟವು. ಹರಾಜಿನಲ್ಲಿ ಸುತ್ತಿ ಸುತ್ತಿ ಬರುವ ನಾಣ್ಯ ಸಾಮಾನ್ಯವಾಗಿ ಈ ಎರಡನೆಯ ಪಾಲಿಗೆ ಸೇರಿದ್ದು. ಹಾಗಾಗಿ ಪೆಟ್ಟಿಗೆಯ ವಯಸ್ಸಿಗಷ್ಟೇ ಹೆಚ್ಚು ಹಣ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಮುಖ್ಯವಾದ ಹಂತ. ಒಂದು ಕಾಗದದ ತುಂಡಿನಿಂದ ಚೀಟಿಯನ್ನು ಮುಚ್ಚಿಬಿಡಿ. ಅಂಕ ಕಣ್ಣಿಗೆ ಬಿದ್ದರೆ ಮನಸ್ಸು ಅದನ್ನೇ ಸಮರ್ಥಿಸಲು ಕಾರಣ ಹುಡುಕುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಮೇಜುದೀಪ ಉರಿಸಿ, ಅದರ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಬೆಳಕು ಗಾಡಿಯ ಚಕ್ರದ ಅರೆಗಳಂತೆ ನಡುವಿನಿಂದ ಅಂಚಿಗೆ ಹರಡಿ ಸುತ್ತಬೇಕು. ಅಚ್ಚಿನ ಹೊಡೆತಕ್ಕೆ ಲೋಹ ಹರಿದಾಗ ಮೂಡಿದ ಸೂಕ್ಷ್ಮ ಗೆರೆಗಳು ಕೊಡುವ ಹೊಳಪು ಅದು. ಉಬ್ಬಿದ ಜಾಗದಲ್ಲಿ ಆ ಸುತ್ತುವ ಬೆಳಕು ತುಂಡಾಗಿ ಬೂದುಬಣ್ಣ ಕಂಡರೆ ಸವೆತ. ಇಡೀ ನಾಣ್ಯದಲ್ಲೇ ಬೆಳಕು ಸತ್ತಂತಿದ್ದರೆ ಯಾರೋ ತೊಳೆದಿರಬಹುದು.

ಆಮೇಲೆ ಐದು ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ. ಮಾರ್ಗನ್ ಡಾಲರಿನಲ್ಲಿ ನೇರವಾಗಿ ಸ್ವಾತಂತ್ರ್ಯದೇವಿಯ ಕೆನ್ನೆಗೆ ಹೋಗಿ. ಈ ನಾಣ್ಯಗಳು ಸಾವಿರ ನಾಣ್ಯ ತುಂಬಿದ ಚೀಲಗಳಲ್ಲಿ ಒಂದಕ್ಕೊಂದು ಬಡಿದುಕೊಂಡು ದಶಕಗಳ ಕಾಲ ಬಿದ್ದಿದ್ದವು. ನಯವಾದ, ಬಯಲಾದ ಆ ಕೆನ್ನೆಯೇ ಎಲ್ಲ ಪೆಟ್ಟನ್ನೂ ತಿಂದಿದೆ. ಕೂದಲಿನ ಎಳೆಗಳಲ್ಲಿ ಅಡಗುವ ಗೀರಿಗೂ ಕೆನ್ನೆಯ ನಡುವಿನ ಗೀರಿಗೂ ಒಂದೇ ದಂಡವಲ್ಲ. ಕಿವಿಯ ಮೇಲಿನ ಕೂದಲು ಚಪ್ಪಟೆಯಾಗಿದ್ದರೆ ತಕ್ಷಣ ಸವೆತವೆನ್ನಬೇಡಿ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಹಲವು ವರ್ಷಗಳ ನಾಣ್ಯಗಳಲ್ಲಿ ಅಚ್ಚಿನ ಹೊಡೆತವೇ ಸಾಲದೆ ಹಾಗಾಗಿದೆ. ನೋಡಿದ ಮೇಲೆ ನಿಮ್ಮ ಅಂಕವನ್ನು ಕಾಗದದ ಮೇಲೆ ಬರೆಯಿರಿ. ಆಮೇಲಷ್ಟೇ ಚೀಟಿ ತೆರೆಯಿರಿ.

ಎರಡು ಅಂಕಗಳು ಹೊಂದದಿದ್ದರೆ, ಪೆಟ್ಟಿಗೆಯೊಳಗೇ ನಾಣ್ಯ ಬದಲಾಗಿದೆಯೇ ಎಂದೂ ನೋಡಬೇಕು. ಪೆಟ್ಟಿಗೆ ಸೇರುವ ಮೊದಲು ಪಿವಿಸಿ ಚೀಲದಲ್ಲಿದ್ದ ನಾಣ್ಯದ ಮೇಲೆ ಹಸಿರು ಜಿಗುಟು ನಿಧಾನವಾಗಿ ಏಳುತ್ತದೆ. ಗೀರು ಮುಚ್ಚಲು ಮೆತ್ತಿದ ಲೇಪ ವರ್ಷಗಳ ನಂತರ ಮಂಜಿನಂತೆ ಬೆಳ್ಳಗಾಗುತ್ತದೆ. ಕೆಂಪಗಿದ್ದ ತಾಮ್ರ ಕಂದುತ್ತದೆ; 2010ರಿಂದೀಚೆಗೆ ದರ್ಜೆ ಪಡೆದ ತಾಮ್ರದ ನಾಣ್ಯಗಳ ಬಣ್ಣಕ್ಕೆ ಪಿಸಿಜಿಎಸ್ ಖಾತರಿ ಕೊಡುವುದಿಲ್ಲ. ಚೀಟಿಯ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡುವುದನ್ನೂ ಮರೆಯಬೇಡಿ. ನಕಲಿ ನಾಣ್ಯಗಳಷ್ಟೇ ಅಲ್ಲ, ನಕಲಿ ಪೆಟ್ಟಿಗೆಗಳೂ ಇವೆ.

ಎರಡನೆಯ ಅಭಿಪ್ರಾಯ ಬೇಕೆಂದರೆ ಪೆಟ್ಟಿಗೆ ಒಡೆಯದೆಯೇ ಪಡೆಯಬಹುದು. 2007ರಲ್ಲಿ ಜಾನ್ ಅಲ್ಬನೀಸ್ ಆರಂಭಿಸಿದ ಸಿಎಸಿ ಸಂಸ್ಥೆ ಮಾಡುವುದು ಇದನ್ನೇ: ಇರುವ ಅಂಕಕ್ಕೆ ನಾಣ್ಯ ಗಟ್ಟಿಯಾಗಿ ನಿಲ್ಲುತ್ತದೆ ಎನಿಸಿದರೆ ಪೆಟ್ಟಿಗೆಯ ಮೇಲೆ ಹಸಿರು ಸ್ಟಿಕ್ಕರ್, ಮೇಲಿನ ಅಂಕಕ್ಕೂ ಸಲ್ಲುತ್ತದೆ ಎನಿಸಿದರೆ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸುತ್ತಾರೆ. ಹಳೆಯ ಪೆಟ್ಟಿಗೆಗೆ ಇದು ತಕ್ಕ ಒರೆಗಲ್ಲು. ಪಿಸಿಜಿಎಸ್‌ನಲ್ಲೂ ಪೆಟ್ಟಿಗೆಯೊಳಗಿರುವಂತೆಯೇ ಮರುಪರಿಶೀಲನೆಗೆ ಕೊಡುವ ವ್ಯವಸ್ಥೆ ಇದೆ.

ಒಡೆಯುವ ಆಸೆಗೆ ಮಾತ್ರ ಬೀಳಬೇಡಿ. ನಾನು ಒಮ್ಮೆ ಬಿದ್ದಿದ್ದೇನೆ. 63 ಎಂದಿದ್ದ ಇನ್ನೊಂದು ಮಾರ್ಗನ್ 64 ಆಗಿಯೇ ತೀರುತ್ತದೆ ಎಂಬ ಭರವಸೆಯಿಂದ ಇಕ್ಕಳ ಹಿಡಿದೆ. ಪ್ಲಾಸ್ಟಿಕ್ಕಿನ ಚೂಪಾದ ಚೂರೊಂದು ಜಾರಿ ಹದ್ದಿನ ರೆಕ್ಕೆಯ ಪಕ್ಕದ ಬಯಲಿನಲ್ಲಿ ಕೂದಲೆಳೆಯಷ್ಟು ಗೀರು ಎಳೆಯಿತು. ಮರಳಿ ಬಂದದ್ದು 62. ಹೋದ ಹಣಕ್ಕಿಂತ, ನೂರು ವರ್ಷ ದಾಟಿ ನನ್ನವರೆಗೆ ಬಂದ ನಾಣ್ಯಕ್ಕೆ ನನ್ನ ಕೈಯಿಂದಲೇ ಗಾಯವಾಯಿತಲ್ಲ ಎಂಬುದು ಇಂದಿಗೂ ನೋಯಿಸುತ್ತದೆ.

1881ರ ಡಾಲರಿಗೆ ಚೀಟಿ ಮುಚ್ಚಿ, ಮೂರು ಬೇರೆ ಬೇರೆ ದಿನ ಅಂಕ ಬರೆದೆ: 64, 65, 64. ಹೊಳಪು 65ರದೇ, ಸಂದೇಹವಿಲ್ಲ. ಬಾಯಿಯ ಮೂಲೆಯಿಂದ ಗದ್ದದ ಕಡೆಗೆ ಇಳಿಯುವ ಒಂದು ಗೀರು ಅದನ್ನು ಮೇಲಕ್ಕೆ ಬಿಡುತ್ತಿಲ್ಲ. ಅಂದು ಅಂಕ ಕೊಟ್ಟವರೂ ಅದನ್ನೇ ನೋಡಿರಬೇಕು.