ಕೀಮೋ ಮುಗಿದ ಮೇಲೆ ನಡೆಯಲು ಶುರು ಮಾಡುವುದು ಹೇಗೆ

ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ಕೂತೇ ಮಾಡುವ ಕೆಲಸ. ರಿಟೈರ್ ಆದ ಮೇಲೆ ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್, ಕೀಮೋ. ಮನೆಯಲ್ಲಿ ಎಲ್ಲರದೂ ಒಂದೇ ಮಾತು, "ಸುಮ್ನೆ ಮಲಗಿ." ಮಲಗಿದೆ. ಸುಸ್ತು ಇನ್ನೂ ಜಾಸ್ತಿ ಆಯಿತು.

ಡಾಕ್ಟರು ಒಪ್ಪಿದ ದಿನ ಗೇಟಿನವರೆಗೆ ಹೋಗಿ ಬಂದೆ, ಅಷ್ಟೇ. ನೀವೂ ಹಾಗೇ ಶುರು ಮಾಡಿ. ಐದು ನಿಮಿಷ, ದಿನಕ್ಕೆ ಎರಡು ಸಲ. ವಾರ ಕಳೆದ ಹಾಗೆ ಎರಡು ಮೂರು ನಿಮಿಷ ಸೇರಿಸಿ. ನನಗೆ ಮೊದಲು ಹಾಲಿನ ಬೂತ್ ಸಿಕ್ಕಿತು, ಆಮೇಲೆ ಮೇನ್ ರೋಡ್. ಕುಕ್ಕರಹಳ್ಳಿ ಕೆರೆ ಏರಿ ಮುಟ್ಟಲು ಮೂರು ತಿಂಗಳು ಹಿಡಿಯಿತು. ಗುರಿ ವಾರಕ್ಕೆ 150 ನಿಮಿಷ. ವೇಗ ಎಷ್ಟಿರಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. (ನನಗೆ ಕೂತರೂ ಹಾಡಲು ಬರುವುದಿಲ್ಲ, ಅದು ಬೇರೆ ವಿಷಯ.)

ಕ್ಯಾಲೆಂಡರಿನಲ್ಲಿ ನಿಮಿಷ ಬರೆದಿಡಿ. ನಾನದನ್ನು ಟ್ರಿಪ್ ಶೀಟ್ ಅನ್ನುತ್ತೇನೆ. ತಪ್ಪಿದ ಟ್ರಿಪ್ಪನ್ನು ಮರುದಿನ ಡಬಲ್ ಮಾಡಲು ಹೋಗಬೇಡಿ. ಒಂದು ಸಲ ಹಾಗೆ ಮಾಡಿ ಎರಡು ದಿನ ಹಾಸಿಗೆ ಹಿಡಿದೆ.

ಕೀಮೋದಿಂದ ನನ್ನ ಪಾದಕ್ಕೆ ಜೋಮು. ಒಂದು ದಿನ ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆಯೇ ಉಳಿದಿತ್ತು, ಗೊತ್ತೇ ಆಗಲಿಲ್ಲ! ಶೂ ಹಾಕಿ, ಬೆಳಕು ಹರಿದ ಮೇಲೆ ಹೊರಡಿ, ಮನೆಗೆ ಬಂದು ಪಾದ ತಿರುಗಿಸಿ ನೋಡಿ.

ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ. ಹೊಟ್ಟೆ ಆಪರೇಷನ್ ಆದವರು ಸರ್ಜನ್ ಹೂಂ ಅನ್ನುವವರೆಗೆ ಕೊಡ, ಸಿಲಿಂಡರ್ ಎತ್ತಬಾರದು. ಹರ್ನಿಯಾ ಭಯ ಇರುತ್ತದೆ.

ಜ್ವರ 100.4 ಡಿಗ್ರಿ ಮುಟ್ಟಿದರೆ ನಡಿಗೆ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿ. ಎದೆನೋವು, ತಲೆಸುತ್ತು ಬಂದರೂ ಅಷ್ಟೇ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಡಾಕ್ಟರನ್ನು ಕೇಳದೆ ಏನೂ ಬೇಡ.

ಮಗ ಕಂಪ್ಯೂಟರ್ ಮುಂದೆ ಕೂರುವವನು. ಅವನನ್ನೂ ಎಬ್ಬಿಸುತ್ತೇನೆ. ಮೈ ದುಡಿಸುವವರಿಗೆ ದೊಡ್ಡ ಕರುಳಿನ ಮತ್ತು ಸ್ತನದ ಕ್ಯಾನ್ಸರ್ ಅಪಾಯ ಕಡಿಮೆ. ಬರುವುದೇ ಇಲ್ಲ ಅಂತಲ್ಲ.

2025ರಲ್ಲಿ ಒಂದು ಅಧ್ಯಯನ ಬಂತು. ನನ್ನ ಹಾಗೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ಮುಗಿಸಿದ 889 ಜನ. ಅರ್ಧದಷ್ಟು ಜನರಿಗೆ 3 ವರ್ಷ ಬೆನ್ನು ಹತ್ತಿ ವ್ಯಾಯಾಮ ಮಾಡಿಸಿದರು. ಉಳಿದವರಿಗೆ ಓದಲು ಪುಸ್ತಕ ಕೊಟ್ಟರು. 8 ವರ್ಷದ ಲೆಕ್ಕದಲ್ಲಿ ಬದುಕಿದವರು ವ್ಯಾಯಾಮದವರಲ್ಲಿ ನೂರಕ್ಕೆ 90, ಪುಸ್ತಕದವರಲ್ಲಿ 83. ಬೆನ್ನು ಹತ್ತುವವರು ಬೇಕು, ಅಲ್ವಾ? ನನಗೆ ಹಳೇ ಕಂಡಕ್ಟರ್ ಸಿಕ್ಕಿದ್ದಾರೆ. ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ಸೀಟಿ ಊದುತ್ತಾರೆ. "ರೈಟ್, ರೈಟ್!"